ನೀವು ಆರಿಸಿದ ವಿಶ್ವವಿದ್ಯಾಲಯದ ಬಗ್ಗೆ ಅಪ್ಪ ಅಮ್ಮನ ಆತಂಕ ಕಳೆಯುವುದು ಹೇಗೆ?

ಸೀಟು ಸಿಕ್ಕಿದೆ. ನಿಮಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮನೆಯಲ್ಲಿ ಮಾತ್ರ ಯಾರಿಗೂ ಅಷ್ಟು ಖುಷಿ ಇದ್ದ ಹಾಗೆ ಕಾಣುವುದಿಲ್ಲ. "ಆ ಹೆಸರೇ ಕೇಳಿಲ್ವಲ್ಲ" ಅಂತ ಅಪ್ಪ ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ. "ಇನ್ನೊಂದ್ಸಲ ಯೋಚನೆ ಮಾಡು" ಅಂತ ಅಮ್ಮ ಹೇಳುತ್ತಾರೆ. ನೀವು ದನಿ ಏರಿಸುತ್ತೀರಿ, ಅವರು ಎದ್ದು ಹೋಗುತ್ತಾರೆ. ಮಾರನೇ ದಿನ ಮತ್ತೆ ಅದೇ ಕಥೆ.

ನಮ್ಮ ಮನೆಯಲ್ಲಿ ಇದು ಮೂರು ವಾರ ನಡೆಯಿತು. ನಾನು ಆರಿಸಿದ್ದು ದೊಡ್ಡ ಹೆಸರಿನ ಜಾಗ ಆಗಿರಲಿಲ್ಲ. ಆದರೆ ನನಗೆ ಬೇಕಾದ ವಿಷಯವನ್ನು ಮನಸ್ಸಿಟ್ಟು ಕಲಿಸುವವರು ಅಲ್ಲಿದ್ದರು. ಅಪ್ಪ ದಿನಾ ರಾತ್ರಿ ಕೇಳುತ್ತಿದ್ದದ್ದು ಒಂದೇ: "ಅದರ ರ‍್ಯಾಂಕ್ ಎಷ್ಟು?" ನಾನು ದಿನಾ ಒಂದು ಹೊಸ ಪಟ್ಟಿ ಹುಡುಕಿ ತೋರಿಸುತ್ತಿದ್ದೆ. ಒಂದು ರಾತ್ರಿ ಅವರು ಪಟ್ಟಿಯ ಕಡೆ ನೋಡಲೇ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಲ್ಲಿ ನಿಂಗೆ ಜ್ವರ ಬಂದ್ರೆ ನಾನು ಯಾರಿಗೆ ಫೋನ್ ಮಾಡ್ಬೇಕು?" ಅಂದರು. ಬಾಯಲ್ಲಿ ಬರುತ್ತಿದ್ದ ಪ್ರಶ್ನೆಯೇ ಬೇರೆ, ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದೇ ಬೇರೆ. ನಾನು ಮೂರು ವಾರ ಮೊದಲನೆಯದಕ್ಕೇ ಉತ್ತರ ಹುಡುಕುತ್ತಿದ್ದೆ.

ಆಮೇಲೆ ತಮ್ಮ ತಂಗಿಯರ, ಅವರ ಗೆಳೆಯರ ಮನೆಗಳಲ್ಲಿ ಇಂಥ ಮಾತುಕತೆಗೆ ಜೊತೆಯಾಗಿ ಕೂತಿದ್ದೇನೆ. ಅಲ್ಲಿ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಸಮಯ ಕಡಿಮೆ ಇದ್ದರೆ ಕೆಲವನ್ನು ಬಿಟ್ಟರೂ ನಡೆಯುತ್ತದೆ. ಮೊದಲನೆಯದನ್ನು ಮಾತ್ರ ಬಿಡಬೇಡಿ.

1. ಭಯ ಯಾವುದು ಅಂತ ಮೊದಲು ತಿಳಿದುಕೊಳ್ಳಿ

ಒಂದು ಸಂಜೆ ಫೋನು, ಲ್ಯಾಪ್‌ಟಾಪ್ ಎಲ್ಲ ಪಕ್ಕಕ್ಕಿಡಿ. "ನಿಮಗೆ ಇದರಲ್ಲಿ ಯಾವುದರ ಬಗ್ಗೆ ಜಾಸ್ತಿ ಭಯ?" ಅಂತ ಕೇಳಿ. ಕೇಳಿ ಸುಮ್ಮನಿರಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅವರು ಅರ್ಧ ವಾಕ್ಯ ಹೇಳುವಷ್ಟರಲ್ಲಿ ನಿಮ್ಮ ಬಾಯಿಗೆ ಉತ್ತರ ಬಂದುಬಿಡುತ್ತದೆ. ತಡೆದುಕೊಳ್ಳಿ. ಅವತ್ತು ಒಂದಕ್ಕೂ ಉತ್ತರ ಕೊಡಬೇಡಿ. ಒಂದು ನೋಟ್‌ಬುಕ್‌ನಲ್ಲಿ ಅವರ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಬರೆಯುವುದನ್ನು ಅವರು ನೋಡಲಿ. ತಮ್ಮ ಮಾತಿಗೆ ಬೆಲೆ ಇದೆ ಅಂತ ಅನ್ನಿಸಿದ ಮೇಲೆ ಅರ್ಧ ಬಿಸಿ ತಾನಾಗಿಯೇ ಇಳಿಯುತ್ತದೆ.

ಅಪ್ಪ ಅಮ್ಮನನ್ನು ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. ಒಟ್ಟಿಗೆ ಕೂತಾಗ ಒಬ್ಬರ ಮಾತಿನಡಿ ಇನ್ನೊಬ್ಬರ ಭಯ ಮುಚ್ಚಿಹೋಗುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ ತಂದೆಗಿದ್ದದ್ದು ದುಡ್ಡಿನ ಚಿಂತೆ. ತಾಯಿಗೆ ದುಡ್ಡಿನ ಯೋಚನೆಯೇ ಇರಲಿಲ್ಲ. ಮಗಳು ತುಂಬಾ ಮಾತು ಕಡಿಮೆಯವಳು, ಅಲ್ಲಿ ಅವಳಿಗೆ ಯಾರೂ ಗೆಳತಿಯರಾಗದಿದ್ದರೆ ಅನ್ನುವುದೇ ಅವರ ಸಂಕಟ. ಅಷ್ಟು ದಿನ ಮನೆಯಲ್ಲಿ ನಡೆದದ್ದು ಬರೀ ಶುಲ್ಕದ ಚರ್ಚೆ.

ಕೇಳುವ ಪ್ರಶ್ನೆಯ ಹಿಂದೆ ಏನಿರಬಹುದು ಅಂತಲೂ ಸ್ವಲ್ಪ ಯೋಚಿಸಿ. "ಅಷ್ಟು ದೂರ ಯಾಕೆ?" ಅಂದರೆ ಎಷ್ಟೋ ಸಲ "ಕಷ್ಟ ಬಂದಾಗ ನಿನ್ನ ಹತ್ತಿರ ಬರೋಕಾಗಲ್ಲ" ಅಂತ ಅರ್ಥ. "ಜನ ಏನಂತಾರೆ?" ಅಂದಾಗ ನಮಗೆ ಸಿಟ್ಟು ಬರುತ್ತದೆ. ಆದರೆ ಯಾರಾದರೂ ಕೇಳಿದಾಗ ಮಗನ ಪರವಾಗಿ ಹೇಳಲು ಅವರ ಹತ್ತಿರ ಎರಡು ಮಾತೂ ಇಲ್ಲ. ನೀವೇ ಆ ಎರಡು ಮಾತು ಅವರಿಗೆ ಕೊಡಬೇಕು. ಇನ್ನೊಂದು ಭಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಇಲ್ಲಿಯವರೆಗೆ ನಿಮ್ಮ ಪ್ರತಿ ಹೆಜ್ಜೆಗೂ ದಾರಿ ತೋರಿಸಿದವರು ಅವರು. ಈಗಿನ ಈ ಲೋಕ ಅವರಿಗೆ ಗೊತ್ತಿಲ್ಲ. ನೀವು "ನಿಮಗೆ ಇದೆಲ್ಲ ಗೊತ್ತಾಗಲ್ಲ" ಅಂದುಬಿಟ್ಟರೆ ಸರಿಯಾಗಿ ಆ ಗಾಯಕ್ಕೇ ಕೈ ಹಾಕಿದ ಹಾಗೆ.

2. ಮಾನ್ಯತೆಯನ್ನು ಕಾಗದದ ಮೇಲೆ ತೋರಿಸಿ

"ಒಳ್ಳೆ ಯೂನಿವರ್ಸಿಟಿ, ಎಲ್ಲರೂ ಹೇಳ್ತಾರೆ" ಅನ್ನುವುದು ಉತ್ತರ ಅಲ್ಲ. ಹೆಸರು ಕೇಳದ ಜಾಗದ ಬಗ್ಗೆ ಹೆತ್ತವರಿಗೆ ಬರುವ ಮೊದಲ ಅನುಮಾನ, ಅದು ಅಸಲಿಯೋ ನಕಲಿಯೋ ಅನ್ನುವುದು. ಈ ಅನುಮಾನ ನ್ಯಾಯವಾದದ್ದೇ. ಡಿಗ್ರಿ ಮಾರುವ ಅಂಗಡಿಗಳು ಎಲ್ಲ ದೇಶದಲ್ಲೂ ಇವೆ.

ಇಲ್ಲಿ ನೋಡಬೇಕಾದದ್ದು ಎರಡು. ಒಂದು, ವಿಶ್ವವಿದ್ಯಾಲಯಕ್ಕೆ ಆ ದೇಶದ ಉನ್ನತ ಶಿಕ್ಷಣ ಪ್ರಾಧಿಕಾರದ ಮಾನ್ಯತೆ ಇದೆಯಾ ಅನ್ನುವುದು. ಇದನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಓದಿ ನಂಬಬೇಡಿ. ಪ್ರಾಧಿಕಾರದ ಪಟ್ಟಿಯಲ್ಲೇ ಹುಡುಕಿ. ಬೇರೆ ದೇಶದ್ದಾದರೆ ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಸಂಘ ನಡೆಸುವ ವಿಶ್ವ ಉನ್ನತ ಶಿಕ್ಷಣ ದತ್ತಾಂಶ ಕೋಶ (World Higher Education Database) ಇದೆ. 1950ರಲ್ಲಿ ಶುರುವಾದ ಸಂಘ ಅದು. ಅಲ್ಲಿ ಹೆಸರು ಹಾಕಿ ನೋಡಬಹುದು.

ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೆ ಅದರ ಪ್ರತಿ ಕೋರ್ಸಿಗೂ ಇದೆ ಅಂತಲ್ಲ. ವೈದ್ಯಕೀಯ, ಕಾನೂನು, ನರ್ಸಿಂಗ್, ಇಂಥ ಕೋರ್ಸುಗಳಿಗೆ ಆಯಾ ವೃತ್ತಿಯ ಮಂಡಳಿಯ ಒಪ್ಪಿಗೆ ಬೇರೆಯೇ ಬೇಕಾಗುತ್ತದೆ. ಎಂಜಿನಿಯರಿಂಗ್‌ಗೆ 1989ರಲ್ಲಿ ಆರು ದೇಶಗಳು ಸೇರಿ ಶುರು ಮಾಡಿದ ವಾಷಿಂಗ್ಟನ್ ಒಪ್ಪಂದ ಇದೆ. ಇವತ್ತು ಅದರಲ್ಲಿ ಇನ್ನೂ ಹಲವು ದೇಶಗಳಿವೆ. ಒಂದು ಸದಸ್ಯ ದೇಶದಲ್ಲಿ ಮಾನ್ಯತೆ ಪಡೆದ ಕೋರ್ಸನ್ನು ಉಳಿದವರೂ ಸರಿಸಮ ಅಂತ ಒಪ್ಪುತ್ತಾರೆ. ಗಮನಿಸಿ, ಅದು ಒಪ್ಪುವುದು ಕೋರ್ಸನ್ನು, ಇಡೀ ವಿಶ್ವವಿದ್ಯಾಲಯವನ್ನಲ್ಲ. ಮಾನ್ಯತೆಗೆ ಅವಧಿಯೂ ಇರುತ್ತದೆ. ಯಾವ ವರ್ಷದವರೆಗೆ ಅಂತ ಕೂಡ ಬರೆದುಕೊಳ್ಳಿ. ವೈದ್ಯಕೀಯ ಓದುವವರು ವೈದ್ಯಕೀಯ ಶಾಲೆಗಳ ವಿಶ್ವ ಕೈಪಿಡಿಯಲ್ಲಿ (World Directory of Medical Schools) ಕಾಲೇಜಿನ ಹೆಸರು ನೋಡಬಹುದು. ಆದರೆ ಅಲ್ಲಿ ಹೆಸರಿದ್ದ ಮಾತ್ರಕ್ಕೆ ಮಾನ್ಯತೆ ಇದೆ ಅಂತ ತಿಳಿಯಬೇಡಿ. ಮುಂದೆ ಎಲ್ಲಿ ಕೆಲಸ ಮಾಡಬೇಕು ಅಂತಿದ್ದೀರೋ ಆ ದೇಶದ ವೈದ್ಯಕೀಯ ಮಂಡಳಿಯನ್ನೇ ಕೇಳಿ.

ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದು ಒಂದು ಫೈಲಿನಲ್ಲಿಡಿ. ಫೋನಿನ ಪರದೆಯಲ್ಲಿ ಸರ್ರನೆ ಮೇಲೆ ಜಾರಿಸಿ ತೋರಿಸಿದ್ದು ಅವರ ಮನಸ್ಸಿಗೆ ಇಳಿಯುವುದಿಲ್ಲ. ಕೈಯಲ್ಲಿ ಹಿಡಿದ ಕಾಗದವನ್ನು ಅವರು ನಾಲ್ಕು ಸಲ ಓದುತ್ತಾರೆ, ನೀವು ಇಲ್ಲದಾಗಲೂ ಓದುತ್ತಾರೆ.

ಈ ಹಂತದಲ್ಲಿ ಮಾನ್ಯತೆ ಇಲ್ಲ ಅಂತ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ. ಅಪ್ಪ ಅಮ್ಮ ಹೇಳಿದ್ದೇ ಸರಿ ಅಂತ ಅವರ ಮುಂದೆ ಒಪ್ಪಿಕೊಳ್ಳಿ. ಅದರಿಂದ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ.

3. ರ‍್ಯಾಂಕಿನ ಬಗ್ಗೆ ಜಗಳ ಬೇಡ, ಅದು ಏನನ್ನು ಅಳೆಯುತ್ತದೆ ಅಂತ ಹೇಳಿ

ರ‍್ಯಾಂಕ್ ಅಂದರೆ ಪಾಠ ಎಷ್ಟು ಚೆನ್ನಾಗಿ ನಡೆಯುತ್ತದೆ ಅನ್ನುವುದರ ಅಂಕ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಉದಾಹರಣೆಗೆ 2003ರಲ್ಲಿ ಶುರುವಾದ ಶಾಂಘೈ ಪಟ್ಟಿ. ಅದರಲ್ಲಿ ಶೇ 30ರಷ್ಟು ತೂಕ ನೊಬೆಲ್ ಪ್ರಶಸ್ತಿಗೆ ಮತ್ತು ಗಣಿತಕ್ಕೆ ಕೊಡುವ ಫೀಲ್ಡ್ಸ್ ಪದಕಕ್ಕೆ. ಅಲ್ಲಿ ಓದಿದವರು ಗೆದ್ದದ್ದಕ್ಕೆ 10, ಅಲ್ಲಿ ಕೆಲಸ ಮಾಡಿದವರು ಗೆದ್ದದ್ದಕ್ಕೆ 20. ಉಳಿದದ್ದರಲ್ಲಿ ಬಹುಪಾಲು ಸಂಶೋಧನಾ ಲೇಖನಗಳ ಲೆಕ್ಕ. ಮೊದಲ ವರ್ಷದ ಹುಡುಗನಿಗೆ ಯಾರು ಪಾಠ ಮಾಡುತ್ತಾರೆ, ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು, ಇದಕ್ಕೆ ಅಲ್ಲಿ ಒಂದು ಅಂಕವೂ ಇಲ್ಲ. ಕ್ಯೂಎಸ್ ಅನ್ನುವ ಇನ್ನೊಂದು ಜಾಗತಿಕ ಪಟ್ಟಿಯಲ್ಲಿ ಬೇರೆ ಪ್ರಾಧ್ಯಾಪಕರ ಅಭಿಪ್ರಾಯಕ್ಕೇ ದೊಡ್ಡ ಪಾಲು. ಮೊದಲು ಶೇ 40 ಇತ್ತು, 2024ರ ಆವೃತ್ತಿಯಿಂದ ಶೇ 30 ಮಾಡಿದ್ದಾರೆ.

ವಿಶ್ವವಿದ್ಯಾಲಯ ಕೊಡುವ ಅಂಕಿಗಳನ್ನೇ ನಂಬಿಕೊಂಡ ಪಟ್ಟಿಗಳೂ ಇವೆ. 2022ರಲ್ಲಿ ಅಮೆರಿಕದ ಒಂದು ಹೆಸರಾಂತ ಪಟ್ಟಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ 2ನೇ ಸ್ಥಾನದಿಂದ 18ಕ್ಕೆ ಇಳಿಯಿತು. ಅಲ್ಲಿನ ಗಣಿತ ಪ್ರಾಧ್ಯಾಪಕರೇ ಆ ಅಂಕಿಗಳು ಸರಿಯಿಲ್ಲ ಅಂತ ಎತ್ತಿ ತೋರಿಸಿದ್ದರು. ಆ ಒಂದು ವರ್ಷದಲ್ಲಿ ಅಲ್ಲಿನ ತರಗತಿಗಳು ಹದಿನಾರು ಸ್ಥಾನದಷ್ಟು ಕೆಟ್ಟುಹೋದವಾ? ಇಲ್ಲ ಅಲ್ವಾ? ಈ ಒಂದು ಉದಾಹರಣೆ ಅಪ್ಪಂದಿರಿಗೆ ತಕ್ಷಣ ಅರ್ಥವಾಗುತ್ತದೆ.

ಹೆಸರಿಗೂ ಸಂಬಳಕ್ಕೂ ಇರುವ ಸಂಬಂಧದ ಬಗ್ಗೆ ಕೇಳಿದರೆ ಹೇಳಲು ಒಂದು ಒಳ್ಳೆಯ ಅಧ್ಯಯನ ಇದೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನುವ ಅಮೆರಿಕದ ಸಂಶೋಧಕರು ಅದನ್ನು 2002ರಲ್ಲಿ ಪ್ರಕಟಿಸಿದರು. 1976ರಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದವರು ಮುಂದೆ ಎಷ್ಟು ಸಂಪಾದಿಸಿದರು ಅಂತ ನೋಡಿದರು. ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದವರಲ್ಲಿ ಕೆಲವರು ಸೀಟು ಸಿಗುವುದೇ ಕಷ್ಟವಾದ ಕಾಲೇಜಿಗೆ ಹೋಗಿದ್ದರು, ಕೆಲವರು ಅಷ್ಟು ಪೈಪೋಟಿ ಇಲ್ಲದ ಕಡೆಗೆ. ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ಬಡ ಮನೆಗಳಿಂದ ಬಂದವರಿಗೆ ಆ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು. ಇದನ್ನು ಮುಚ್ಚಿಡಬೇಡಿ, ಅದೂ ಅದೇ ಅಧ್ಯಯನದ ಮಾತು. ನಿಮಗೆ ಬೇಕಾದಷ್ಟನ್ನೇ ಆರಿಸಿ ಹೇಳಿ ಸಿಕ್ಕಿಬಿದ್ದರೆ ಮುಂದೆ ನೀವು ಹೇಳುವ ಯಾವುದನ್ನೂ ಅವರು ನಂಬುವುದಿಲ್ಲ.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಗ್ಯಾಲಪ್ ಸಮೀಕ್ಷಾ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ಸೇರಿ ಮಾಡಿದ 2014ರ ಸಮೀಕ್ಷೆ. ಅಮೆರಿಕದ 30,000ಕ್ಕೂ ಹೆಚ್ಚು ಪದವೀಧರರನ್ನು ಕೇಳಿದ್ದರು. ಓದಿನಲ್ಲಿ ಹುರುಪು ತುಂಬಿದ ಒಬ್ಬ ಮೇಷ್ಟ್ರು, ತಮ್ಮ ಬಗ್ಗೆ ನಿಜವಾದ ಕಾಳಜಿ ಇದ್ದ ಅಧ್ಯಾಪಕರು, ಬೆನ್ನು ತಟ್ಟಿ ದಾರಿ ಹೇಳಿದ ಒಬ್ಬ ಹಿರಿಯರು, ಈ ಮೂರೂ ಸಿಕ್ಕಿದವರು ಮುಂದೆ ಕೆಲಸದಲ್ಲಿ ಮನಸ್ಸಿಟ್ಟು ತೊಡಗಿರುವ ಸಾಧ್ಯತೆ ಎರಡು ಪಟ್ಟು ಜಾಸ್ತಿ ಇತ್ತು. ಕಾಲೇಜು ಸರ್ಕಾರಿಯೋ ಖಾಸಗಿಯೋ, ಅಲ್ಲಿ ಸೀಟು ಸಿಗುವುದು ಎಷ್ಟು ಕಷ್ಟ, ಇವು ಅಷ್ಟು ಲೆಕ್ಕಕ್ಕೆ ಬರಲಿಲ್ಲ. ಮೂರೂ ಸಿಕ್ಕಿತ್ತು ಅಂತ ಗಟ್ಟಿಯಾಗಿ ಹೇಳಿದವರು ಶೇ 14 ಜನ ಮಾತ್ರ. ಹಾಗಾಗಿ ನಿಮ್ಮ ವಿಭಾಗದಲ್ಲಿ ಅಂಥ ಅಧ್ಯಾಪಕರು ಇದ್ದಾರಾ ಅಂತ ಹುಡುಕುವುದು ನಿಮ್ಮ ಕೆಲಸ. ಒಬ್ಬರಿಗಾದರೂ ಇಮೇಲ್ ಬರೆದು ಒಂದು ಪ್ರಶ್ನೆ ಕೇಳಿ. ಉತ್ತರ ಬಂದರೆ ಅದನ್ನೂ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ.

4. ಕೆಲಸ ಸಿಗುತ್ತಾ ಅನ್ನುವ ಪ್ರಶ್ನೆಗೆ ಸರಿಯಾದ ಅಂಕಿ ಕೇಳಿ

ಜಾಹೀರಾತಿನಲ್ಲಿ "ಸರಾಸರಿ ಸಂಬಳ 10 ಲಕ್ಷ" ಅಂತ ಇರುತ್ತದೆ. ಹತ್ತು ಜನರಲ್ಲಿ ಒಂಬತ್ತು ಜನರಿಗೆ ತಲಾ 4 ಲಕ್ಷ, ಒಬ್ಬರಿಗೆ 64 ಲಕ್ಷ ಸಿಕ್ಕಿದರೂ ಸರಾಸರಿ 10 ಲಕ್ಷವೇ. ಆದ್ದರಿಂದ ಮಧ್ಯದ ಸಂಬಳ ಎಷ್ಟು ಅಂತ ಕೇಳಿ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರಿಗೆ ಸಿಗುವಷ್ಟು. ಮೇಲಿನ ಲೆಕ್ಕದಲ್ಲಿ ಅದು 4 ಲಕ್ಷ.

ಜೊತೆಗೆ ಮೂರು ಪ್ರಶ್ನೆ: ನಿಮ್ಮ ವಿಭಾಗದಲ್ಲಿ ಕಳೆದ ವರ್ಷ ಎಷ್ಟು ಜನ ಓದು ಮುಗಿಸಿದರು? ಅವರಲ್ಲಿ ಎಷ್ಟು ಜನ ಕೆಲಸಕ್ಕೆ ಹೆಸರು ಕೊಟ್ಟರು? ಎಷ್ಟು ಜನರಿಗೆ ಸಿಕ್ಕಿತು? ಹೆಸರು ಕೊಟ್ಟವರು ಇಪ್ಪತ್ತೇ ಜನ ಆಗಿ ಅವರಿಗೆಲ್ಲ ಸಿಕ್ಕಿದ್ದರೆ "ಶೇ 100" ಅಂತ ಬರೆದುಬಿಡುತ್ತಾರೆ, ಓದಿದವರು ನೂರು ಜನ ಇದ್ದರೂ. ಇದನ್ನು ಇಮೇಲ್‌ನಲ್ಲೇ ಕೇಳಿ. ಉತ್ತರ ಕೊಡಲು ಹಿಂಜರಿದರೆ ಅದನ್ನೂ ಅಪ್ಪ ಅಮ್ಮನಿಗೆ ಇದ್ದ ಹಾಗೆ ಹೇಳಿ.

5. ದುಡ್ಡಿನ ಲೆಕ್ಕ ಪೂರ್ತಿ ಹಾಕಿ

ಮೊದಲ ವರ್ಷದ ಶುಲ್ಕ ತೋರಿಸಿ "ಇಷ್ಟೇ" ಅನ್ನಬೇಡಿ. ಕೊನೆಯ ವರ್ಷದ ಪರೀಕ್ಷಾ ಶುಲ್ಕದವರೆಗೆ ಬರೆಯಿರಿ. ಹಾಸ್ಟೆಲ್, ಊಟ, ಪುಸ್ತಕ, ಊರಿಗೆ ಬಂದು ಹೋಗುವ ಖರ್ಚು, ಪ್ರತಿ ವರ್ಷ ಶುಲ್ಕ ಏರಿದರೆ ಎಷ್ಟಾಗುತ್ತದೆ ಅನ್ನುವುದು, ಎಲ್ಲ. ಸ್ಕಾಲರ್‌ಶಿಪ್ ಸಿಕ್ಕಿದ್ದರೆ ಅದರ ಷರತ್ತು ಓದಿ. ಇಂತಿಷ್ಟು ಅಂಕ ಬರದಿದ್ದರೆ ನಿಲ್ಲಿಸುತ್ತಾರಾ? ಸೇರಿದ ಮೇಲೆ ಬಿಟ್ಟರೆ ಯಾವ ದಿನಾಂಕದವರೆಗೆ ಎಷ್ಟು ವಾಪಸ್?

ಸಾಲ ತೆಗೆಯುವುದಾದರೆ ಕಂತಿನ ಲೆಕ್ಕವನ್ನು ಅಪ್ಪನ ಪಕ್ಕದಲ್ಲೇ ಕೂತು ಮಾಡಿ. 10 ಲಕ್ಷ ಸಾಲ, ಶೇ 10 ಬಡ್ಡಿ, 10 ವರ್ಷದ ಕಂತು ಅಂತಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 13,200 ಕಟ್ಟಬೇಕು. ಮುಗಿಯುವಾಗ ಕೊಟ್ಟದ್ದು ಒಟ್ಟು 15.8 ಲಕ್ಷಕ್ಕೂ ಮೇಲಾಗಿರುತ್ತದೆ. ಓದುವ ನಾಲ್ಕು ವರ್ಷವೂ ಬಡ್ಡಿ ಕಟ್ಟದೆ ಬಿಟ್ಟರೆ ಸರಳ ಬಡ್ಡಿಯಲ್ಲೇ ಇನ್ನೂ 4 ಲಕ್ಷ ಸೇರುತ್ತದೆ. ಆಗ ಕಂತು 18,500ಕ್ಕೆ ಹೋಗುತ್ತದೆ. ಈ ಅಂಕಿಯನ್ನು ನಾಲ್ಕನೇ ಹಂತದಲ್ಲಿ ಸಿಕ್ಕ ಮಧ್ಯದ ಸಂಬಳದ ಪಕ್ಕ ಬರೆಯಿರಿ. ಹೊಂದದಿದ್ದರೆ ಹೊಂದುವುದಿಲ್ಲ ಅಂತಲೇ ಹೇಳಿ, ಏನು ಕಡಿಮೆ ಮಾಡಬಹುದು ಅಂತ ಒಟ್ಟಿಗೆ ನೋಡಿ.

6. ಜಾಗ ತೋರಿಸಿ

ಸಾಧ್ಯವಾದರೆ ಕರೆದುಕೊಂಡು ಹೋಗಿ. ಹಬ್ಬದ ಹಾಗೆ ಸಿಂಗರಿಸಿದ ದಿನ ಬೇಡ, ತರಗತಿ ನಡೆಯುವ ಮಾಮೂಲಿ ದಿನ ಹೋಗಿ. ಗೇಟಿನಿಂದ ಆಡಳಿತ ಕಚೇರಿಗೆ ಹೋಗಿ ಬಂದರೆ ಏನೂ ಗೊತ್ತಾಗುವುದಿಲ್ಲ. ಹಾಸ್ಟೆಲ್ಲಿನ ಶೌಚಾಲಯ, ಊಟದ ಹಾಲ್, ಆರೋಗ್ಯ ಕೇಂದ್ರದ ಬಾಗಿಲು ತೆರೆದಿರುವ ಸಮಯ, ಕತ್ತಲಾದ ಮೇಲೆ ಲೈಬ್ರರಿಯಿಂದ ಹಾಸ್ಟೆಲ್ಲಿಗೆ ಬರುವ ದಾರಿಯ ದೀಪ, ಇವನ್ನು ನೋಡಿ. ಅಮ್ಮ ಅಲ್ಲಿನ ಹುಡುಗಿಯರ ಹತ್ತಿರ ಮಾತಾಡುವಾಗ ನೀವು ಸ್ವಲ್ಪ ದೂರ ಹೋಗಿ ನಿಂತುಕೊಳ್ಳಿ.

ಹೋಗಲಾಗದಿದ್ದರೆ ನಾನು ಮಾಡಿದ್ದನ್ನು ಮಾಡಿ. ಪ್ರಾಸ್ಪೆಕ್ಟಸ್‌ನಲ್ಲಿ ಹಾಸ್ಟೆಲ್ಲಿನ ತುರ್ತು ನಂಬರ್ ಇತ್ತು. ರಾತ್ರಿ ಒಂಬತ್ತೂವರೆಗೆ ಅಪ್ಪನ ಎದುರಿಗೇ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಆರು ಸಲ ರಿಂಗ್ ಆಯಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಏಳನೆಯದಕ್ಕೆ ವಾರ್ಡನ್ ಎತ್ತಿದರು. ಹುಷಾರಿಲ್ಲದ ಹುಡುಗರಿಗೆ ಏನು ಮಾಡುತ್ತೀರಿ ಅಂತ ಅಪ್ಪನೇ ಕೇಳಿದರು. ಅವರು ನಿಧಾನವಾಗಿ ಹೇಳಿದರು. ಅಪ್ಪ ಕೊನೆಗೆ "ನಿಮ್ಮ ಹೆಸರು ಹೇಳಿ ಸರ್" ಅಂತ ಕೇಳಿ ಬರೆದುಕೊಂಡರು. ಅವತ್ತಿನಿಂದ ರ‍್ಯಾಂಕಿನ ಪ್ರಶ್ನೆ ಬರಲಿಲ್ಲ.

ಈಗ ಓದುತ್ತಿರುವ ಎರಡನೇ ಅಥವಾ ಮೂರನೇ ವರ್ಷದವರ ಹತ್ತಿರವೂ ಮಾತಾಡಿಸಿ. ವಿಶ್ವವಿದ್ಯಾಲಯವೇ ಆರಿಸಿ ಕೊಟ್ಟವರು ಬೇಡ. "ಹೇಗಿದೆ?" ಅಂದರೆ "ಚೆನ್ನಾಗಿದೆ" ಅಂತಾರೆ ಅಷ್ಟೇ. "ಕಳೆದ ವಾರ ಎಷ್ಟು ಕ್ಲಾಸ್ ನಡೀಲಿಲ್ಲ?" "ನಿಮ್ಮ ತಮ್ಮನನ್ನ ಇಲ್ಲಿಗೆ ಸೇರಿಸ್ತೀರಾ?" ಅಂತ ಕೇಳಿ.

7. ಕೂತು ಮಾತಾಡುವ ದಿನ

ಯಾರೂ ದಣಿದಿರದ ಹೊತ್ತು ನೋಡಿ. ನೆಂಟರ ಮುಂದೆ ಬೇಡ. ಅವರ ಭಯಗಳನ್ನು ಬರೆದ ಆ ನೋಟ್‌ಬುಕ್ ತೆಗೆದು ಅಲ್ಲಿಂದಲೇ ಶುರು ಮಾಡಿ: "ಅಮ್ಮ, ನೀನು ಅವತ್ತು ಇದನ್ನ ಕೇಳಿದ್ದೆ. ನಾನು ವಿಚಾರಿಸಿದೆ, ಹೀಗಿದೆ." ನಿಮ್ಮ ಆಸೆ, ನಿಮ್ಮ ಕನಸು ಆಮೇಲೆ ಬರಲಿ. ಅವರಿಗೆ ಯಾರ ಮಾತಿನ ಮೇಲೆ ನಂಬಿಕೆ ಇದೆಯೋ, ಚಿಕ್ಕಪ್ಪನೋ ಅತ್ತೆಯೋ ಹಳೆಯ ಮೇಷ್ಟ್ರೋ, ಅವರಿಗೆ ಫೈಲನ್ನು ಮೊದಲೇ ತೋರಿಸಿರಿ. ನಿಮ್ಮ ಪರ ವಕಾಲತ್ತು ವಹಿಸಲು ಕೇಳಬೇಡಿ. ಓದಿ ಅನ್ನಿಸಿದ್ದನ್ನು ಹೇಳಲಿ, ಸಾಕು.

ಬೇರೆಯವರ ಮಕ್ಕಳ ಹೋಲಿಕೆ ಬಂದೇ ಬರುತ್ತದೆ. ಅದಕ್ಕೆ ಸಿಟ್ಟಾಗಬೇಡಿ. "ಅವನು ಆರಿಸಿದ್ದು ಅವನಿಗೆ ಸರಿ ಇದೆ. ನಾನು ಓದಬೇಕು ಅಂತಿರೋದು ಬೇರೆ" ಅಂತ ಹೇಳಿ ಮುಂದಕ್ಕೆ ಹೋಗಿ. ಗೊತ್ತಿಲ್ಲದ್ದನ್ನು ಕೇಳಿದರೆ "ಗೊತ್ತಿಲ್ಲ, ನಾಳೆ ವಿಚಾರಿಸಿ ಹೇಳ್ತೀನಿ" ಅನ್ನಿ. ನಾಳೆ ಹೇಳಿ.

8. ಒಂದು ಹಾಳೆಯಲ್ಲಿ ಬರೆದುಕೊಡಿ

ಒಂದೇ ಹಾಳೆ ಸಾಕು. ಯಾವ ದಿನ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ. ವಾರ್ಡನ್, ವಿಭಾಗದ ಕಚೇರಿ, ಇಬ್ಬರು ಗೆಳೆಯರ ನಂಬರ್. ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿ ಯಾವಾಗ ತೋರಿಸುತ್ತೀರಿ. ಮೊದಲ ವರ್ಷ ಮುಗಿದ ಮೇಲೆ ಎಲ್ಲರೂ ಕೂತು ಮತ್ತೆ ನೋಡುವ ದಿನ. ಆಗ ಸರಿ ಹೋಗಿಲ್ಲ ಅಂತ ಕಂಡರೆ ಬೇರೆ ಕಡೆ ಸೇರಲು ಇರುವ ದಾರಿ, ಮೊದಲ ವರ್ಷದ ಕ್ರೆಡಿಟ್‌ಗಳನ್ನು ಅಲ್ಲಿ ಒಪ್ಪುತ್ತಾರಾ ಅನ್ನುವುದು. ವಾಪಸ್ ಬರುವ ದಾರಿ ಒಂದು ಇದೆ ಅಂತ ಗೊತ್ತಾದರೆ ಕಳಿಸುವವರಿಗೆ ಎಷ್ಟೋ ಹಗುರ.

ನಿಮ್ಮಿಂದ ಆಗದ್ದನ್ನು ಬರೆಯಬೇಡಿ. ದಿನಾ ಎರಡು ಸಲ ಫೋನ್ ಅಂತ ಬರೆದು ಎರಡನೇ ವಾರಕ್ಕೆ ತಪ್ಪಿಸಿದರೆ ಭಯ ದುಪ್ಪಟ್ಟಾಗುತ್ತದೆ.

ಇಷ್ಟಾದರೂ ಒಪ್ಪದಿದ್ದರೆ?

ಅಂಥ ಮನೆಗಳೂ ಇವೆ. ಮೊದಲು "ಏನು ಗೊತ್ತಾದರೆ ನಿಮಗೆ ಸಮಾಧಾನ ಆಗುತ್ತೆ?" ಅಂತ ನೇರವಾಗಿ ಕೇಳಿ. ಒಂದು ವಿಷಯ ಹೇಳಿದರೆ ದಾರಿ ಇನ್ನೂ ತೆರೆದಿದೆ. ಏನು ತಂದರೂ ಬೇಡ ಅಂದರೆ ಇನ್ನೊಂದು ಆಯ್ಕೆಯನ್ನೂ ಇದೇ ಪ್ರಶ್ನೆಗಳಿಂದ ಪರೀಕ್ಷೆ ಮಾಡಿ, ಎರಡರ ಫೈಲನ್ನೂ ಅಕ್ಕಪಕ್ಕ ಇಡಿ. ಹಾಗೆ ಇಟ್ಟಾಗ ಒಬ್ಬ ಹುಡುಗನಿಗೆ ತಾನು ಆರಿಸಿದ್ದೇ ಸರಿ ಇಲ್ಲ ಅಂತ ಕಂಡಿತು, ತಾನೇ ಬದಲಾಯಿಸಿದ. ಇನ್ನೊಂದು ಮನೆಯಲ್ಲಿ ತಂದೆ ಎರಡು ದಿನ ಫೈಲು ಓದಿ, ಮೂರನೇ ದಿನ ತಾವೇ ಶುಲ್ಕ ಕಟ್ಟಿ ಬಂದರು. ಶುಲ್ಕ ಕಟ್ಟುವ ಕೊನೆಯ ದಿನಾಂಕ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿರಿ.

ಸೇರಿದ ಮೇಲಿನ ಮೊದಲ ಎರಡು ತಿಂಗಳು

ಒಪ್ಪಿಸಿ ಆಯಿತು ಅಂತ ಕೈಬಿಡುವ ಹೊತ್ತಲ್ಲ ಇದು. ವೇಳಾಪಟ್ಟಿಯ ಫೋಟೋ ಕಳಿಸಿ. ಕೋಣೆಯ ಕಿಟಕಿಯಿಂದ ಏನು ಕಾಣುತ್ತದೆ ಅಂತ ತೋರಿಸಿ. ಅಂಕ ಕಡಿಮೆ ಬಂದರೆ, ಮನಸ್ಸಿಗೆ ಬೇಜಾರಾದರೆ, ಬೇರೆಯವರಿಂದ ಗೊತ್ತಾಗುವ ಮೊದಲು ನೀವೇ ಹೇಳಿ. ಕೆಟ್ಟ ಸುದ್ದಿಯನ್ನೂ ನೀವೇ ಹೇಳುತ್ತೀರಿ ಅಂತ ಗೊತ್ತಾದ ಮೇಲೆ ಒಳ್ಳೆಯದನ್ನು ಅವರು ನಂಬುತ್ತಾರೆ.

ನನಗೆ ಎರಡನೇ ತಿಂಗಳಲ್ಲಿ ನಿಜವಾಗಲೂ ಜ್ವರ ಬಂತು. ಬೆಳಿಗ್ಗೆ ಆರಕ್ಕೆ ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ಜಾಸ್ತಿ ಮಾತಾಡದೆ ಇಟ್ಟುಬಿಟ್ಟರು. ಹತ್ತು ನಿಮಿಷ ಕಳೆದು ಅವರೇ ಫೋನ್ ಮಾಡಿದರು. "ವಾರ್ಡನ್ ಹತ್ರ ಮಾತಾಡ್ದೆ. ಎಂಟು ಗಂಟೆಗೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರಂತೆ. ನೀನು ಅಲ್ಲಿವರೆಗೂ ಮಲ್ಕೋ."